ಪೇಟೆಯ ಪುಟ್ಟ ಅಂಗಳಗಳಲ್ಲಿ ರಾಕ್ ಸಂಗೀತ

(ಕನ್ನಡ ಸಂಘದ ಯುಗಾದಿ ಸಮಾರಂಭದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಹೋಳಿಗೆಯ ಊಟ ಮುಗಿಸಿ ಕುಳಿತವರಿಗೆ ವಚನ ಸಾಹಿತ್ಯವನ್ನೋ ದಾಸರ ಪದಗಳನ್ನೋ ಕುರಿತು ನಾಲ್ಕು ಮಾತು ಹೇಳುವುದು ನಮ್ಮಲ್ಲಿ ನಡೆದುಬಂದ ಸಂಪ್ರದಾಯ. ನಾನು ಆರಿಸಿಕೊಂಡ ವಿಷಯವನ್ನು ಕೇಳಿ ಕಾರ್ಯದರ್ಶಿಗಳು ದೂರವಾಣಿಯಲ್ಲಿ ಒಂದು ಕ್ಷಣ ಮೌನವಾದರು. ಅನಂತರ "ನಿಮಗೆ ಆರೋಗ್ಯ ತಾನೆ?" ಎಂದು ವಿಚಾರಿಸಿದರು. ಆರೋಗ್ಯವಾಗಿಯೇ ಇದ್ದೇನೆ. ನಾನು ವೃತ್ತಿಯಿಂದ ಕಟ್ಟಡಗಳ ಎಂಜಿನಿಯರ್; ಸಂಗೀತ ಶಾಸ್ತ್ರವನ್ನು ಬಲ್ಲವನಲ್ಲ. ಆದರೆ ಒಬ್ಬ ಮಗಳ ತಂದೆಯಾಗಿ ಈ ನಗರದ ಪುಟ್ಟ ರಾಕ್ ಅಂಗಳಗಳಲ್ಲಿ ಕಲಿತದ್ದನ್ನು, ಮತ್ತು ಕಲಿಯಲು ತಡಮಾಡಿ ಕಳೆದುಕೊಂಡದ್ದನ್ನು, ತಮ್ಮ ಮುಂದೆ ಇಡಬೇಕೆಂಬುದು ನನ್ನ ಬಹುದಿನದ ಬಯಕೆ.

ಮೊದಲು ಆ ಹೆಸರಿನ ಬಗ್ಗೆ ಒಂದು ಮಾತು. 'ಇಂಡಿ' ಎಂಬುದಕ್ಕೂ ಇಂಡಿಯಾಕ್ಕೂ ಸಂಬಂಧವಿಲ್ಲ. ಅದು ಸ್ವತಂತ್ರ ಎಂಬ ಅರ್ಥದ ಇಂಗ್ಲಿಷ್ ಪದದ ಮೊಟಕು ರೂಪ. ದೊಡ್ಡ ಧ್ವನಿಮುದ್ರಣ ಕಂಪನಿಗಳ ಹಂಗಿಲ್ಲದೆ ತಮ್ಮ ಹಾಡನ್ನು ತಾವೇ ಕಟ್ಟಿ, ತಾವೇ ಮುದ್ರಿಸಿ, ತಾವೇ ಊರೂರಿಗೆ ಒಯ್ದು ಹಾಡುವವರ ಸಂಗೀತಕ್ಕೆ ಆ ಹೆಸರು ಬಂದಿತು. ಅದರ ನಿಜವಾದ ಮನೆ ಕ್ರೀಡಾಂಗಣವಲ್ಲ. ಇನ್ನೂರು, ಮುನ್ನೂರು ಜನ ನಿಲ್ಲಬಹುದಾದ ಕೋಣೆ.

1994ರಲ್ಲಿ ನನ್ನ ಮಗಳಿಗೆ ಹದಿನಾರು ವರ್ಷ. ಹದಿನಾಲ್ಕನೆಯ ಬೀದಿಯ ಬ್ಲ್ಯಾಕ್ ಕ್ಯಾಟ್ ಎಂಬಲ್ಲಿಗೆ ಹೋಗಬೇಕೆಂದು ಅವಳು ಹಟ ಹಿಡಿದಳು. ಅದು ಹಿಂದಿನ ವರ್ಷವಷ್ಟೇ ತೆರೆದಿತ್ತು. ಡಾ. ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯ ನಂತರ 1968ರ ಏಪ್ರಿಲ್‌ನಲ್ಲಿ ಬೆಂಕಿಗೆ ಆಹುತಿಯಾದ ಬೀದಿಗಳಲ್ಲಿ ಹದಿನಾಲ್ಕನೆಯ ಬೀದಿಯೂ ಒಂದು. ಇಪ್ಪತ್ತಾರು ವರ್ಷಗಳಾದರೂ ಅಲ್ಲಿ ಎಷ್ಟೋ ಕಟ್ಟಡಗಳು ಬಾಗಿಲು ಮುಚ್ಚಿಕೊಂಡೇ ಇದ್ದವು. ಅಂದಿನ ದಿನಗಳಲ್ಲಿ ಮೆಟ್ರೊ ರೈಲು ನಡುರಾತ್ರಿಗೆ ನಿಂತುಹೋಗುತ್ತಿತ್ತು. ಕಛೇರಿ ಮುಗಿಯುತ್ತಿದ್ದುದು ಅದಕ್ಕೂ ತಡವಾಗಿ. ಮೂರು ದಿನಗಳ ವಾಗ್ವಾದದ ನಂತರ ಒಪ್ಪಂದವಾಯಿತು: ನಾನೇ ಕಾರಿನಲ್ಲಿ ಕರೆದೊಯ್ಯುವುದು, ಮುಗಿಯುವವರೆಗೆ ಎದುರಿನಲ್ಲೇ ಕಾರು ನಿಲ್ಲಿಸಿಕೊಂಡು ಕಾಯುವುದು.

ಕಾರಿನಲ್ಲಿ ಕುಳಿತವನಿಗೆ ಅರ್ಧ ಗಂಟೆಯೊಳಗೆ ಗಾಜಿನ ಮೇಲೆ ಬಡಿದ ಸದ್ದು. ಮಗಳು ಹೊರಗೆ ಬಂದಿದ್ದಳು. "ಅಪ್ಪ, ನೀನು ಇಲ್ಲಿ ಪೊಲೀಸಿನವನ ಹಾಗೆ ಕೂತರೆ ನನಗೆ ಹಾಡು ಕೇಳಿಸುವುದಿಲ್ಲ. ಒಳಗೆ ಬಾ, ಇಲ್ಲದಿದ್ದರೆ ಮನೆಗೆ ಹೋಗು" ಎಂದಳು. ಹೋದೆ. ಬಾಗಿಲಲ್ಲಿ ಕುಳಿತವನು ನನ್ನ ಕೋಟನ್ನೂ ಮಫ್ಲರನ್ನೂ ನೋಡಿ, ಬಹಳ ಮರ್ಯಾದೆಯಿಂದ ಹಣ ಪಡೆದು ಅಂಗೈ ಹಿಂದೆ ಮುದ್ರೆ ಒತ್ತಿದ. ಮಗಳ ಎರಡೂ ಕೈಗಳ ಹಿಂಬದಿಯಲ್ಲಿ ಕಪ್ಪು ಶಾಯಿಯ ದಪ್ಪನೆಯ ಅಡ್ಡಗೆರೆಗಳ ಗುರುತಿತ್ತು. ಇಂಗ್ಲಿಷಿನ ಎಕ್ಸ್ ಅಕ್ಷರ. ಇದೇನು ದುಶ್ಚಟದ ಚಿಹ್ನೆಯೋ ಎಂದು ನನ್ನ ಎದೆ ಹೊಡೆದುಕೊಂಡಿತು.

ಆ ಗುರುತಿನ ಕಥೆ ನಮ್ಮ ಈ ನಗರದ್ದೇ. 1980ರಲ್ಲಿ ಟೀನ್ ಐಡಲ್ಸ್ ಎಂಬ ವಾಷಿಂಗ್ಟನ್ನಿನ ಹುಡುಗರ ತಂಡ ಕ್ಯಾಲಿಫೋರ್ನಿಯಾಕ್ಕೆ ಹೋಗಿತ್ತು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ವಯಸ್ಸು ತುಂಬದ ಅವರಿಗೆ ಮದ್ಯ ಕೊಡಬಾರದೆಂದು ಕೈಮೇಲೆ ಹಾಗೆ ಗುರುತು ಹಾಕಿದರು. ಊರಿಗೆ ಮರಳಿದ ಹುಡುಗರು ಎಫ್ ಬೀದಿಯ 9:30 ಕ್ಲಬ್ಬಿನವರ ಮುಂದೆ ಅದೇ ಸಲಹೆಯಿಟ್ಟರು: ನಮಗೂ ಗುರುತು ಹಾಕಿ, ಆದರೆ ಸಂಗೀತ ಕೇಳಲು ಒಳಗೆ ಬಿಡಿ. ಕ್ಲಬ್ಬಿನವರು ಒಪ್ಪಿದರು. ಮುಂದೆ ಆ ಗುರುತು ಮದ್ಯ, ಮಾದಕ ದ್ರವ್ಯ ಬೇಡವೆನ್ನುವ ತರುಣರ ಹೆಮ್ಮೆಯ ಲಾಂಛನವಾಗಿ ಜಗತ್ತಿನ ಅನೇಕ ಕಡೆ ಹರಡಿತು. ನಾನು ಅಪಾಯದ ಚಿಹ್ನೆಯೆಂದು ತಿಳಿದದ್ದು, ಹಾಡು ಕೇಳುವ ಹಕ್ಕಿಗಾಗಿ ಮಕ್ಕಳು ತಾವಾಗಿ ಒಪ್ಪಿಕೊಂಡ ಸಂಯಮದ ಮುದ್ರೆಯಾಗಿತ್ತು!

ಅದೇ ತಂಡ 1980ರ ಕೊನೆಗೆ ಚದುರಿತು. ತಮ್ಮ ಕಛೇರಿಗಳಿಂದ ಕೂಡಿಟ್ಟಿದ್ದ ಸುಮಾರು 600 ಡಾಲರುಗಳನ್ನು ಅವರು ಹಂಚಿಕೊಳ್ಳಲಿಲ್ಲ. ಒಂದು ಪುಟ್ಟ ಧ್ವನಿಮುದ್ರಿಕೆ ಮಾಡಿಸಿದರು. ಅದಕ್ಕಾಗಿ ಹುಟ್ಟಿದ ಸಂಸ್ಥೆಯೇ ಡಿಸ್ಕಾರ್ಡ್. ಮುದ್ರಿಕೆಯ ಹೊದಿಕೆಗಳನ್ನು ಗೆಳೆಯರೆಲ್ಲ ಕುಳಿತು ಕೈಯಾರೆ ಕತ್ತರಿಸಿ, ಮಡಿಸಿ, ಅಂಟಿಸಿದರು. ಇದನ್ನು ಓದಿದಾಗ ನನಗೆ ನಮ್ಮ ಸಂಘದ ಆರಂಭದ ದಿನಗಳು ನೆನಪಾದವು. ಕೈಬರಹದ ವಾರ್ತಾಪತ್ರವನ್ನು ಜೆರಾಕ್ಸ್ ಮಾಡಿಸಿ, ಊಟದ ಮೇಜಿನ ಮೇಲೆ ಹರಡಿಕೊಂಡು, ಅಂಚೆಚೀಟಿ ಅಂಟಿಸುತ್ತ ರಾತ್ರಿ ಕಳೆದವರು ಈ ಸಭೆಯಲ್ಲಿ ಇನ್ನೂ ಇದ್ದಾರೆ. ತನಗೆ ಬೇಕಾದದ್ದನ್ನು ಬೇರೆ ಯಾರೂ ಮಾಡಿಕೊಡುವುದಿಲ್ಲವೆಂದು ತಿಳಿದಾಗ ಮನುಷ್ಯ ತಾನೇ ಮಾಡಿಕೊಳ್ಳುತ್ತಾನೆ. ಆ ಹುಡುಗರೂ ನಾವೂ ಈ ವಿಷಯದಲ್ಲಿ ಒಂದೇ ಕುಲದವರು.

ಆ ತಂಡದಲ್ಲಿದ್ದ ಇಯನ್ ಮೆಕೈ ಅವರು ಅನಂತರ ಕಟ್ಟಿದ ಫುಗಾಜಿ ತಂಡ 1987ರಿಂದ 2002ರವರೆಗೆ ಕಛೇರಿಗಳನ್ನು ನಡೆಸಿತು. ಪ್ರವೇಶದರ ಬಹುಪಾಲು ಐದಾರು ಡಾಲರು. ಎಲ್ಲ ವಯಸ್ಸಿನವರಿಗೂ ಪ್ರವೇಶ. ಕುಣಿಯುವ ನೆಪದಲ್ಲಿ ಯಾರಾದರೂ ಪಕ್ಕದವರನ್ನು ಹೊಡೆದು ನೂಕಿದರೆ ಹಾಡನ್ನು ನಿಲ್ಲಿಸಿ ಬುದ್ಧಿ ಹೇಳುತ್ತಿದ್ದರು. ಕೇಳದಿದ್ದರೆ ಟಿಕೆಟ್ಟಿನ ಹಣವನ್ನು ಲಕೋಟೆಯಲ್ಲಿ ಹಾಕಿ ಹಿಂದಿರುಗಿಸಿ ಹೊರಗೆ ಕಳುಹಿಸುತ್ತಿದ್ದರು. ನಮ್ಮ ಎಷ್ಟು ಸಭೆಗಳಲ್ಲಿ ಇಷ್ಟು ಶಿಸ್ತಿದೆ ಎಂದು ನಾವೇ ಕೇಳಿಕೊಳ್ಳಬಹುದು.

ನನ್ನ ಎಂಜಿನಿಯರ್ ಬುದ್ಧಿಗೆ ಹಳೆಯ 9:30 ಕ್ಲಬ್ ಬಹಳ ಹಿಡಿಸಿತ್ತು. ಲಿಂಕನ್ನರ ಹತ್ಯೆ ನಡೆದ ಫೋರ್ಡ್ಸ್ ರಂಗಮಂದಿರಕ್ಕೆ ಸಮೀಪದಲ್ಲೇ, ಒಂದು ಹಳೆಯ ಕಟ್ಟಡದ ಕೆಳಗಿನ ಅಂತಸ್ತಿನಲ್ಲಿ ಅದು 1980ರಲ್ಲಿ ಆರಂಭವಾಯಿತು. ಅಧಿಕೃತವಾಗಿ 199 ಜನರಿಗೆ ಅವಕಾಶ. ವೇದಿಕೆಯನ್ನು ಮರೆಮಾಡುವಂತೆ ಒಂದು ಕಂಬ. ಎಲ್ಲರೂ ಅದನ್ನು ಬೈಯುತ್ತಿದ್ದರು. ಮೇಲಿನ ಅಂತಸ್ತುಗಳ ಭಾರವನ್ನು ನೆನೆದು ನಾನೊಬ್ಬ ಮಾತ್ರ ಆ ಕಂಬಕ್ಕೆ ಮನಸ್ಸಿನಲ್ಲೇ ನಮಸ್ಕರಿಸುತ್ತಿದ್ದೆ. 1996ರಲ್ಲಿ ಕ್ಲಬ್ ವಿ ಬೀದಿಗೆ, 1200 ಜನ ಹಿಡಿಸುವ ಮಂದಿರಕ್ಕೆ, ಹೋಯಿತು. ನಮ್ಮಲ್ಲಿ ಅನೇಕರು ವಾಸಿಸುವ ಉತ್ತರ ವರ್ಜೀನಿಯಾದಲ್ಲೇ ಬೆಳೆದ ಡೇವ್ ಗ್ರೋಲ್ ಈ ನಗರದ ಇಂತಹ ಸಣ್ಣ ಕೋಣೆಗಳಲ್ಲೇ ಡ್ರಮ್ಸ್ ನುಡಿಸುತ್ತ ಬೆಳೆದು, 1990ರಲ್ಲಿ ನಿರ್ವಾಣ ತಂಡವನ್ನು ಸೇರಿದರು. ಮುಂದೆ ಬ್ಲ್ಯಾಕ್ ಕ್ಯಾಟ್ ಆರಂಭಕ್ಕೆ ಹಣ ತೊಡಗಿಸಿದವರಲ್ಲಿ ಅವರೂ ಒಬ್ಬರು.

ಈ ಕೋಣೆಗಳ ಲೆಕ್ಕಾಚಾರವನ್ನೂ ಹೇಳುತ್ತೇನೆ. ಒಂದು ರಾತ್ರಿ ಎಂಟು ಡಾಲರಿನಂತೆ 150 ಜನ ಬಂದರೆಂದು ಇಟ್ಟುಕೊಳ್ಳಿ: 1200 ಡಾಲರು. ಧ್ವನಿ ಹೊಂದಿಸುವವರಿಗೆ, ಬಾಗಿಲು ಕಾಯುವವರಿಗೆ 300 ಕಳೆಯಿರಿ. ಉಳಿದ 900ನ್ನು ನಾಲ್ವರಂತೆ ಮೂರು ತಂಡಗಳು ಹಂಚಿಕೊಂಡರೆ ತಲೆಗೆ 75 ಡಾಲರು. ಅದರಲ್ಲೇ ವ್ಯಾನಿನ ಪೆಟ್ರೋಲು, ತಂತಿ, ಊಟ. ಅಂಗಳದವರು ಬಹುಮಟ್ಟಿಗೆ ಪಾನೀಯಗಳ ಮಾರಾಟದಿಂದಲೇ ಬದುಕುತ್ತಾರೆ. ಇದರಿಂದ ಸಿರಿವಂತರಾಗುವವರು ತೀರ ವಿರಳ. ಆದ್ದರಿಂದಲೇ ಹಾಡು ಮುಗಿದ ಮೇಲೆ ಹಿಂಬದಿಯ ಮೇಜಿನಲ್ಲಿ ಇಟ್ಟಿರುವ ಅಂಗಿಯನ್ನೋ ಮುದ್ರಿಕೆಯನ್ನೋ ಕೊಂಡರೆ ಅದು ಆ ತಂಡವನ್ನು ಮುಂದಿನ ಊರಿಗೆ ತಲುಪಿಸುತ್ತದೆ.

"ಅದೆಲ್ಲ ಸರಿ, ಆ ಗದ್ದಲವನ್ನು ಸಂಗೀತವೆನ್ನುತ್ತೀರಾ?" ಎಂದು ನನ್ನ ಪತ್ನಿ ಕೇಳಿದ್ದುಂಟು. ನಾನು ಉಡುಪಿ ಕಡೆಯವನು. ಬಯಲಾಟದ ರಂಗಸ್ಥಳದ ಪಕ್ಕದಲ್ಲಿ ಚೆಂಡೆಯ ಸದ್ದಿಗೆ ಎದೆಯೊಡ್ಡಿ ಬೆಳೆದವನು. ಹೊರಗಿನವರಿಗೆ ಅದೂ ಗದ್ದಲವೇ. ಒಳಗಿದ್ದವರಿಗೆ ಅದರ ನಡೆ, ಏರಿಳಿತ, ತಾಳದ ತಿರುವುಗಳು ಕಾಣಿಸುತ್ತವೆ. ಆದರೆ ಕಿವಿಯ ವಿಷಯದಲ್ಲಿ ಉದಾಸೀನ ಕೂಡದು. 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಾಳಬಹುದೆಂದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಸಲಹೆ. ಪ್ರತಿ ಮೂರು ಡೆಸಿಬೆಲ್ ಏರಿಕೆಗೂ ಆ ಕಾಲ ಅರ್ಧವಾಗುತ್ತದೆ. ನೂರು ಡೆಸಿಬೆಲ್ ತಲುಪಿದಾಗ ಉಳಿಯುವುದು ಹದಿನೈದೇ ನಿಮಿಷ. ರಾಕ್ ಕಛೇರಿ ಅದನ್ನು ಸುಲಭವಾಗಿ ದಾಟುತ್ತದೆ. ಆದ್ದರಿಂದ ಮಕ್ಕಳನ್ನು ತಡೆಯುವ ಬದಲು ಅವರ ಜೇಬಿಗೆ ಒಂದು ಜೊತೆ ಕಿವಿಬೆಣೆ ಹಾಕಿ ಕಳುಹಿಸಿ. ನೀವೂ ಹಾಕಿಕೊಳ್ಳಿ. ಹಾಡು ಇನ್ನೂ ಸ್ಪಷ್ಟವಾಗಿ ಕೇಳಿಸುತ್ತದೆ.

ಇನ್ನು ನಾನು ಹೇಳಲೇಬೇಕಾದ ಮಾತು. 1996ರ ಬೇಸಗೆಯಲ್ಲಿ ನನ್ನ ಮಗಳು ಮೂವರು ಗೆಳತಿಯರೊಡನೆ ತನ್ನದೇ ತಂಡ ಕಟ್ಟಿದಳು. ಅವಳು ಬಾಸ್ ಗಿಟಾರ್ ನುಡಿಸುತ್ತಿದ್ದಳು. ಟೆನ್ಲಿಟೌನಿನ ಫೋರ್ಟ್ ರೀನೊ ಉದ್ಯಾನದಲ್ಲಿ ಅವರಿಗೆ ಒಂದು ಸಂಜೆ ಅವಕಾಶ ದೊರೆಯಿತು. ಈ ನಗರದ ಅತ್ಯಂತ ಎತ್ತರದ ನೆಲವಾದ ಅಲ್ಲಿ 1968ರಿಂದ ಬೇಸಗೆಯಲ್ಲಿ ಉಚಿತ ಕಛೇರಿಗಳು ನಡೆದುಬಂದಿವೆ. ನಮ್ಮ ಊರಿನ ಹರಕೆಯ ಆಟದ ಹಾಗೆ: ಟಿಕೆಟ್ಟಿಲ್ಲ, ಹುಲ್ಲಿನ ಮೇಲೆ ಚಾಪೆ, ಬುತ್ತಿ, ಓಡಾಡುವ ಮಕ್ಕಳು. ಅಂದು ಸಂಜೆ ನಮ್ಮ ಸಂಘದ ಸಮಿತಿಯ ಸಭೆಯಿತ್ತು. ರಾಜ್ಯೋತ್ಸವದ ಊಟದ ಗುತ್ತಿಗೆಯನ್ನು ಯಾರಿಗೆ ಕೊಡಬೇಕೆಂಬ ಚರ್ಚೆ. "ಇನ್ನೊಮ್ಮೆ ಬರುತ್ತೇನೆ" ಎಂದು ಮಗಳಿಗೆ ಹೇಳಿ ನಾನು ಸಭೆಗೆ ಹೋದೆ. ಪತ್ನಿ ಒಬ್ಬಳೇ ಹೋದಳು. ಆಗಸ್ಟ್ ತಿಂಗಳಲ್ಲಿ ನಾಲ್ವರೂ ನಾಲ್ಕು ಕಾಲೇಜುಗಳಿಗೆ ಹೊರಟುಹೋದರು. ಆ ತಂಡ ಮತ್ತೆಂದೂ ನುಡಿಸಲಿಲ್ಲ.

ಕೆಲವು ವರ್ಷಗಳ ನಂತರ, ನೆಲಮಾಳಿಗೆಯ ಪೆಟ್ಟಿಗೆಯೊಂದರಲ್ಲಿ ಆ ಸಂಜೆಯ ಕ್ಯಾಸೆಟ್ ಸಿಕ್ಕಿತು. ಯಾರೋ ಹುಲ್ಲಿನ ಮೇಲೆ ಕುಳಿತು ಮುದ್ರಿಸಿದ್ದು. ಗಾಳಿಯ ಸದ್ದೇ ಹೆಚ್ಚು. ಎರಡನೆಯ ಹಾಡಿನ ನಂತರ ಮೈಕಿನಲ್ಲಿ ಮಗಳ ದನಿ, ಅಚ್ಚ ಕನ್ನಡದಲ್ಲಿ: "ಅಮ್ಮ, ಕೇಳಿಸುತ್ತಾ?" ಜನರ ನಗು. ದೂರದಿಂದ ನನ್ನ ಪತ್ನಿಯ "ಹ್ಞೂಂ!" ಎಂಬ ಕೂಗು. ಮತ್ತೆ ಹಾಡು. ಕನ್ನಡ ಉಳಿಸುವ ಸಭೆಯಲ್ಲಿ ನಾನು ಊಟದ ದರ ಚರ್ಚಿಸುತ್ತಿದ್ದಾಗ, ಈ ನಗರದ ಅತಿ ಎತ್ತರದ ನೆಲದ ಮೇಲೆ ನನ್ನ ಮಗಳು ಮೈಕಿನಲ್ಲಿ ಕನ್ನಡ ಮಾತಾಡುತ್ತಿದ್ದಳು. ಆ ಗುತ್ತಿಗೆ ಯಾರಿಗೆ ಹೋಯಿತೆಂದು ನನಗೆ ಇಂದು ನೆನಪಿಲ್ಲ.

ಬಂಧುಗಳೇ, "ಇನ್ನೊಮ್ಮೆ" ಎಂಬುದು ಈ ಪುಟ್ಟ ಅಂಗಳಗಳಿಗೂ ಅನ್ವಯಿಸುವ ಮಾತು. 2020ರ ಮಾರ್ಚಿಯಲ್ಲಿ ಸಾಂಕ್ರಾಮಿಕದಿಂದ ದೇಶದ ಎಲ್ಲ ರಂಗಗಳೂ ಮುಚ್ಚಿದವು. ಸ್ವತಂತ್ರ ರಂಗಗಳ ಮಾಲೀಕರು ಒಗ್ಗೂಡಿ ಹೋರಾಡಿದ್ದರಿಂದ ಅದೇ ಡಿಸೆಂಬರಿನಲ್ಲಿ 1500 ಕೋಟಿ ಡಾಲರುಗಳ ನೆರವು ಕಾನೂನಾಯಿತು. ಆದರೂ ನಮ್ಮ ನಗರದ ಯು ಸ್ಟ್ರೀಟ್ ಮ್ಯೂಸಿಕ್ ಹಾಲ್ ಆ ವರ್ಷವೇ ಶಾಶ್ವತವಾಗಿ ಮುಚ್ಚಿಹೋಯಿತು. 2023ರಲ್ಲಿ 9:30 ಕ್ಲಬ್ಬಿನವರು ತಮ್ಮ ಹಳೆಯ ಕೋಣೆಯ ನೆನಪಿಗಾಗಿ ಅಟ್ಲಾಂಟಿಸ್ ಎಂಬ 450 ಜನರ ಪುಟ್ಟ ರಂಗವನ್ನು ತೆರೆದರು. ಹೋಗುವವರಿದ್ದರೆ ಇವು ಉಳಿಯುತ್ತವೆ.

ಆದ್ದರಿಂದ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ. ನಿಮ್ಮ ಮಕ್ಕಳೋ ಮೊಮ್ಮಕ್ಕಳೋ ಇಂತಹ ಕಡೆ ಹೊರಟಾಗ, ಅಲ್ಲಿ ಎಲ್ಲ ವಯಸ್ಸಿನವರಿಗೆ ಪ್ರವೇಶವಿದೆಯೇ, ಮರಳುವ ಏರ್ಪಾಡೇನು ಎಂದು ಅವಶ್ಯವಾಗಿ ಕೇಳಿ. ಅನಂತರ "ನಾನೂ ಒಮ್ಮೆ ಬರಲೇ?" ಎಂದೂ ಕೇಳಿ. ಬೇಡವೆಂದರೆ ಬೇಸರ ಪಡಬೇಡಿ. ಬಾ ಎಂದರೆ, ಅಂದು ಯಾವ ಸಮಿತಿಯ ಸಭೆಯಿದ್ದರೂ ಬಿಟ್ಟು ಹೋಗಿ. ಹಿಂಬದಿಯ ಗೋಡೆಯ ಬಳಿ ನಿಲ್ಲಿ. ಸದ್ದು ಅಲ್ಲಿ ತುಸು ಕಡಿಮೆ. ಮೊದಲ ತಂಡದ ಹಾಡು ಕೇಳಲು ಹೊತ್ತಿಗೆ ಸರಿಯಾಗಿ ತಲುಪಿ. ಆಗ ಅಂಗಳದಲ್ಲಿ ಹದಿನೈದೇ ಜನರಿರಬಹುದು. ಆ ಹದಿನೈದರಲ್ಲಿ ನಾಲ್ವರು ಹಾಡುವವರ ತಂದೆತಾಯಿಗಳಾಗಿರುತ್ತಾರೆ.

ಯುವಮಿತ್ರರೇ, ನಿಮ್ಮಲ್ಲೂ ಒಂದು ಬೇಡಿಕೆ. ಅಪ್ಪ ಅಮ್ಮ ಕಾರಿನಲ್ಲೇ ಕುಳಿತಿದ್ದರೆ, ಹೊರಗೆ ಬಂದು ಒಮ್ಮೆ ಗಾಜಿನ ಮೇಲೆ ತಟ್ಟಿ.

ಕಳೆದ ತಿಂಗಳು ಮಗಳು ನನ್ನನ್ನು ಮತ್ತೆ ಬ್ಲ್ಯಾಕ್ ಕ್ಯಾಟ್‌ಗೆ ಕರೆದೊಯ್ದಳು. 2001ರಲ್ಲಿ ಅದು ಅದೇ ಬೀದಿಯಲ್ಲಿ ನಾಲ್ಕು ಹೆಜ್ಜೆ ಆಚೆಗೆ ಸ್ಥಳಾಂತರಗೊಂಡಿದೆ. ಈಗ ಕಾರು ನಡೆಸುವವಳು ಅವಳು. ಕಿವಿಬೆಣೆ ತಂದಿದ್ದೇನೆಯೇ ಎಂದು ಬಾಗಿಲಲ್ಲಿ ವಿಚಾರಿಸಿದವಳೂ ಅವಳೇ.