ಸಣ್ಣ ಊರಿಗೆ ದೊಡ್ಡ ತಂಡ ದಕ್ಕೀತೇ?

ಹಾಕಿ ಎಂದೊಡನೆ ನಮಗೆ ಕೊಡಗು ನೆನಪಾಗುತ್ತದೆ. ಇವತ್ತು ನಾನು ಹೇಳಹೊರಟಿರುವುದು ಕೆನಡಾದವರು ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸುವ ಐಸ್ ಹಾಕಿಯ ವಿಷಯ. ಎನ್‌ಎಚ್‌ಎಲ್ ಎಂಬ ವೃತ್ತಿಪರ ಲೀಗಿನಲ್ಲಿ 32 ತಂಡಗಳಿವೆ. ಹೆಚ್ಚಿನವು ಅಮೆರಿಕದ ಮಹಾನಗರಗಳಲ್ಲಿವೆ, ಕೆನಡಾದಲ್ಲಿರುವುದು ಏಳೇ. ಆ ಏಳರಲ್ಲಿ ಒಂದು ವಿನಿಪೆಗ್‌ನ ಜೆಟ್ಸ್. ಊರಿನ ಜನಸಂಖ್ಯೆ ಸುಮಾರು ಏಳೂವರೆ ಲಕ್ಷ.

ಈ ಊರು ಒಮ್ಮೆ ತನ್ನ ತಂಡವನ್ನು ಕಳೆದುಕೊಂಡಿತ್ತು. 1995ರಲ್ಲಿ ತಂಡ ಹೊರಡುತ್ತದೆ ಎಂಬ ಸುದ್ದಿ ಬಂದಾಗ ಸಾವಿರಾರು ಜನ ಬೀದಿಗಿಳಿದರು. ಮಕ್ಕಳು ಹುಂಡಿ ಒಡೆದು ಚಿಲ್ಲರೆ ತಂದುಕೊಟ್ಟರು. ಆದರೂ 1996ರಲ್ಲಿ ಜೆಟ್ಸ್ ಅಮೆರಿಕದ ಫೀನಿಕ್ಸ್‌ಗೆ ಹೋಯಿತು. ಪ್ರೀತಿಗೇನೂ ಕೊರತೆ ಇರಲಿಲ್ಲ. ಲೆಕ್ಕ ಮಾತ್ರ ಕೂಡಿಬರಲಿಲ್ಲ. ಟಿಕೆಟ್ ಹಣ ಬರುವುದು ಕೆನಡಾ ಡಾಲರಿನಲ್ಲಿ, ಆಟಗಾರರ ಸಂಬಳ ಅಮೆರಿಕದ ಡಾಲರಿನಲ್ಲಿ. ಆಗ ಕೆನಡಾ ಡಾಲರಿಗೆ ಸಿಗುತ್ತಿದ್ದುದು ಅಮೆರಿಕದ ಎಪ್ಪತ್ತೈದು ಸೆಂಟಿನಷ್ಟೂ ಅಲ್ಲ. ಸಂಬಳಕ್ಕೆ ಮಿತಿಯೇ ಇಲ್ಲದ್ದರಿಂದ ಶ್ರೀಮಂತ ತಂಡಗಳು ಒಳ್ಳೆಯ ಆಟಗಾರರನ್ನು ಎಳೆದುಕೊಳ್ಳುತ್ತಿದ್ದವು.

ಈ ಕಥೆ ತಿರುಗಿದ್ದು ಹೇಗೆ? ಸಂಬಳದ ಜಗಳದಲ್ಲಿ 2004-05ರ ಇಡೀ ಋತು ರದ್ದಾಯಿತು. ಅದರ ಬೆನ್ನಲ್ಲೇ ಪ್ರತಿ ತಂಡದ ಸಂಬಳದ ಮೊತ್ತಕ್ಕೆ ಮೇಲ್ಮಿತಿ ಬಂತು. ಸಣ್ಣ ಊರುಗಳನ್ನು ಉಳಿಸಿದ್ದು ಈ ಒಂದು ನಿಯಮ ಎಂದೇ ನಾನು ಹೇಳುತ್ತೇನೆ. ಅಷ್ಟರಲ್ಲಿ ವಿನಿಪೆಗ್‌ನಲ್ಲಿ ಸುಮಾರು 15,000 ಆಸನಗಳ ಹೊಸ ಕ್ರೀಡಾಂಗಣ ಎದ್ದಿತ್ತು. 2011ರ ಹೊತ್ತಿಗೆ ಎರಡೂ ಡಾಲರುಗಳ ಬೆಲೆ ಸರಿಸಮವಾಗಿತ್ತು. ಊರಿನ ಉದ್ಯಮಿ ಮಾರ್ಕ್ ಚಿಪ್‌ಮನ್, ಕೆನಡಾದ ಅತಿ ಶ್ರೀಮಂತರಲ್ಲೊಬ್ಬರಾದ ಡೇವಿಡ್ ಥಾಮ್ಸನ್ ಸೇರಿ ಅಟ್ಲಾಂಟದಲ್ಲಿ ಸೊರಗುತ್ತಿದ್ದ ತಂಡವನ್ನು ಕೊಂಡು ವಿನಿಪೆಗ್‌ಗೆ ತಂದರು, ಮತ್ತೆ ಜೆಟ್ಸ್ ಎಂದೇ ಹೆಸರಿಟ್ಟರು. ಇಡೀ ಋತುವಿನ 13,000 ಟಿಕೆಟ್ ಮಾರಾಟವಾಗಬೇಕೆಂಬ ಗುರಿ ಇಟ್ಟರು. ಕೊಳ್ಳುವವರು ಮೂರರಿಂದ ಐದು ವರ್ಷದ ಕರಾರಿಗೆ ಸಹಿ ಹಾಕಬೇಕಿತ್ತು. ಕೆಲವೇ ದಿನಗಳಲ್ಲಿ ಎಲ್ಲವೂ ಖಾಲಿಯಾದವು!

ಕ್ವಿಬೆಕ್ ನಗರದ ಪಾಡು ಬೇರೆ. ಅಲ್ಲಿನ ನಾರ್ಡಿಕ್ಸ್ ತಂಡ 1995ರಲ್ಲಿ ಡೆನ್ವರ್ ಸೇರಿತು, ಮರುವರ್ಷವೇ ಲೀಗಿನ ಅಗ್ರಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ ಗೆದ್ದಿತು. ಆ ಊರಿನವರ ಹೊಟ್ಟೆ ಎಷ್ಟು ಉರಿದಿರಬೇಡ! ತಂಡ ಮರಳೀತೆಂದು ಸರ್ಕಾರದ ಹಣದಲ್ಲಿ 18,000ಕ್ಕೂ ಹೆಚ್ಚು ಆಸನಗಳ ಕ್ರೀಡಾಂಗಣ ಕಟ್ಟಿ 2015ರಲ್ಲಿ ತೆರೆದರು. ಅಷ್ಟರಲ್ಲಿ ಕೆನಡಾ ಡಾಲರ್ ಮತ್ತೆ ಕುಸಿದಿತ್ತು. 2016ರಲ್ಲಿ ಲೀಗ್ ಹೊಸ ತಂಡವನ್ನು ಕೊಟ್ಟದ್ದು ಲಾಸ್ ವೇಗಾಸ್‌ಗೆ, 50 ಕೋಟಿ ಡಾಲರ್ ಶುಲ್ಕಕ್ಕೆ. ತಂಡದ ಖಾತರಿಯಿಲ್ಲದೆ ಜನರ ತೆರಿಗೆಯನ್ನು ಕಟ್ಟಡಕ್ಕೆ ಸುರಿದದ್ದು ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ.

ಸಣ್ಣ ಊರಿಗೆ ತಂಡ ಖಂಡಿತ ಬರಬಹುದು. ಆಳವಾದ ಜೇಬಿನ ಸ್ಥಳೀಯ ಮಾಲೀಕ, ಸಂಬಳದ ಮಿತಿ, ತಕ್ಕ ಅಳತೆಯ ಅಂಗಳ ಇದ್ದರಾಯಿತು. ಉಳಿಸಿಕೊಳ್ಳುವುದು ಮಾತ್ರ ಊರಿನವರ ಕೈಯಲ್ಲಿದೆ. ಚಳಿಗಾಲದುದ್ದಕ್ಕೂ ನಲವತ್ತಕ್ಕೂ ಹೆಚ್ಚು ಪಂದ್ಯಗಳಿಗೆ ಅದೇ ಜನ ಮತ್ತೆ ಮತ್ತೆ ಬರಬೇಕು. ಋತುವಿನ ಕೊನೆಯ ಪ್ಲೇಆಫ್ ಸುತ್ತು ಬಂದರೆ ಬಿಳಿ ಅಂಗಿ ತೊಟ್ಟು ಅಂಗಳ ತುಂಬುವ ವಿನಿಪೆಗ್‌ನಲ್ಲೇ ಕೋವಿಡ್ ನಂತರ ಋತುವಿನ ಟಿಕೆಟ್ ಕೊಂಡವರ ಸಂಖ್ಯೆ ಸುಮಾರು 9,500ಕ್ಕೆ ಇಳಿಯಿತು. ಹೀಗೇ ಆದರೆ ಬಹುಕಾಲ ನಡೆಯದು ಎಂದು 2024ರಲ್ಲಿ ಚಿಪ್‌ಮನ್ ಬಹಿರಂಗವಾಗಿ ಹೇಳಬೇಕಾಯಿತು.