ಆಡೋನಿಗ್ಯಾಕೆ ರಾಜಕೀಯ?

(ಹಾಸ್ಟೆಲ್ ಗೆಳೆಯರ ಸಭೆಯಲ್ಲಿ ಆಡಿದ ಮಾತು)



ನಿನ್ನೆ ರಾತ್ರಿ ಊಟದ ಸಾಲಿನಲ್ಲಿ ನಿಂತಿದ್ದಾಗ ಒಬ್ಬ ತಮ್ಮ ಹತ್ತಿರ ಬಂದ. ಕಾಲೇಜು ಟೀಮಿನಲ್ಲಿ ಬೌಲರು ಅವನು. ಆಟದ ಮೇಷ್ಟ್ರು ಅವನನ್ನ ಕರೆದು, ‘ಆಡೋನಿಗ್ಯಾಕೋ ರಾಜಕೀಯ? ಮೀಟಿಂಗಿಗೆ ಹೋಗೋದಾದ್ರೆ ಟೀಮು ಬಿಡು’ ಅಂದರಂತೆ. ಅದಕ್ಕೇ ಪದ್ಯ ಓದೋಕೆ ಬಂದ ನಾನು ಪದ್ಯ ಮಡಚಿಟ್ಟು ಕ್ರಿಕೆಟ್ಟಿನ ಮಾತು ಆಡ್ತೀನಿ. ನನಗೆ ನೆಟ್ಟಗೆ ಬ್ಯಾಟು ಹಿಡಿಯೋಕೂ ಬರಲ್ಲ, ಅದು ಬೇರೆ ವಿಷಯ.

ಇಂಥ ಮಾತು ಬಂದಾಗ ನಮಗೆ ತಕ್ಷಣ ನೆನಪಾಗೋದು ಮೆಕ್ಸಿಕೋ. 1968ರ ಒಲಿಂಪಿಕ್ಸು. 200 ಮೀಟರು ಓಟ ಗೆದ್ದ ಟಾಮಿ ಸ್ಮಿತ್, ಮೂರನೆಯವನಾದ ಜಾನ್ ಕಾರ್ಲೋಸ್. ಇಬ್ಬರೂ ಅಮೆರಿಕದ ಕರಿಯರು. ಬೂಟು ಬಿಚ್ಚಿ, ಕರೀ ಕಾಲುಚೀಲದಲ್ಲಿ ಹತ್ತಿ ನಿಂತು, ರಾಷ್ಟ್ರಗೀತೆ ನುಡಿಸುವಾಗ ತಲೆ ತಗ್ಗಿಸಿ ಕರೀ ಗ್ಲೌಸಿನ ಮುಷ್ಟಿ ಎತ್ತಿದರು. ಅವರನ್ನ ತಂಡದಿಂದ ತೆಗೆದು ವಾಪಸ್ಸು ಕಳಿಸಿದರು. ಆ ಫೋಟೋ ನೋಡಿದರೆ ನಮ್ಮ ಮೈಯೂ ಬಿಸಿಯಾಗುತ್ತೆ. ಆಗಲೇಬೇಕು. ಆ ಮುಷ್ಟಿ ನಮ್ಮದೇ ಅನ್ನಿಸುತ್ತೆ. ಆದರೆ ನಾನು ಹೇಳಹೊರಟದ್ದು ಚಪ್ಪಾಳೆ ಅಷ್ಟು ಸುಲಭವಾಗಿ ಬರದ ಒಬ್ಬನ ಕತೆ. ಅವನು ನಮ್ಮವನು. ಹುಟ್ಟಿದ್ದು ನಮ್ಮ ಧಾರವಾಡದಲ್ಲೇ.

ಹೆಸರು ಪಲ್ವಂಕರ್ ಬಾಲೂ. ಚಮ್ಮಾರರ ಮಗ, ಅಪ್ಪ ಸೈನ್ಯದಲ್ಲಿದ್ದ. ಪುಣೆಯಲ್ಲಿ ಬಿಳಿಯರ ಕ್ಲಬ್ಬಿನಲ್ಲಿ ತಿಂಗಳಿಗೆ 4 ರೂಪಾಯಿ ಸಂಬಳಕ್ಕೆ ಪಿಚ್ಚು ಉರುಳಿಸೋದು, ಬಲೆ ಕಟ್ಟೋದು ಅವನ ಕೆಲಸ. ಅಭ್ಯಾಸಕ್ಕೆ ಬಂದ ದೊರೆಗಳಿಗೆ ಗಂಟೆಗಟ್ಟಲೆ ಬೌಲ್ ಮಾಡ್ತಿದ್ದ. ಅವನ ಕೈಗೆ ಬ್ಯಾಟು ಕೊಟ್ಟವರಿಲ್ಲ. ಕೊನೆಗೆ ಆ ಎಡಗೈ ಸ್ಪಿನ್ನು ಪುಣೆಯ ಹಿಂದೂಗಳಿಗೆ ಬೇಕಾಯಿತು, ಬಿಳಿಯರನ್ನ ಸೋಲಿಸಬೇಕಿತ್ತಲ್ಲ! ತಂಡಕ್ಕೆ ಸೇರಿಸಿಕೊಂಡರು. ಮೈದಾನದಲ್ಲಿ ಬಾಲು ಮುಟ್ಟಿದ ಚೆಂಡನ್ನೇ ಬ್ರಾಹ್ಮಣರೂ ಮುಟ್ಟಿದರು. ಟೀ ಹೊತ್ತಿಗೆ ಮಾತ್ರ ಅವನು ಪೆವಿಲಿಯನ್ನಿನ ಹೊರಗೆ. ಅವನಿಗೆ ಕುಡಿದು ಬಿಸಾಡೋ ಮಣ್ಣಿನ ಕುಡಿಕೆ. ಊಟಕ್ಕೆ ಬೇರೆ ಮೇಜು. ಚೆಂಡಿಗಿಲ್ಲದ ಮೈಲಿಗೆ ಕಪ್ಪಿಗೆ! ಊರ ಹೋಟೆಲಿನ ಸೂರಿನಲ್ಲಿ ಸಿಕ್ಕಿಸಿಟ್ಟ ಗ್ಲಾಸು ತಗೊಂಡು ನಾವೇ ತೊಳೆದಿಟ್ಟ ನಮಗೆ ಇದನ್ನ ಯಾರೂ ಬಿಡಿಸಿ ಹೇಳಬೇಕಿಲ್ಲ.

1911ರಲ್ಲಿ ಇಂಗ್ಲೆಂಡಿಗೆ ಹೋದ ತಂಡದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ಟು ಕಿತ್ತು ಬಂದ. ಇಷ್ಟಾದರೂ ಹಿಂದೂ ತಂಡಕ್ಕೆ ಅವನನ್ನ ಕ್ಯಾಪ್ಟನ್ ಮಾಡಲಿಲ್ಲ. ವರ್ಷ ವರ್ಷ ಆ ಕುರ್ಚಿ ಮೇಲಿನವರಿಗೇ. 1920ರಲ್ಲಿ ಬಾಲುವನ್ನೇ ತಂಡದಿಂದ ಬಿಟ್ಟರು. ಅವನ ತಮ್ಮ ವಿಠ್ಠಲನ ಹಕ್ಕನ್ನ ದಾಟಿಸಿ ಬೇರೆಯವರನ್ನ ಕ್ಯಾಪ್ಟನ್ ಮಾಡಿದರು. ವಿಠ್ಠಲ, ಶಿವರಾಮ ಇಬ್ಬರು ತಮ್ಮಂದಿರೂ ‘ನಾವು ಆಡಲ್ಲ’ ಅಂತ ಹೊರಗೆ ಬಂದರು. ಸುಮ್ಮನೆ ಬರಲಿಲ್ಲ, ಇದರಲ್ಲಿ ಇರೋದು ಆಟವಲ್ಲ, ಜಾತಿ ಅಂತ ಪತ್ರಿಕೆಗಳಿಗೆ ಹೇಳಿಕೆ ಕೊಟ್ಟೇ ಬಂದರು. ಮೆಕ್ಸಿಕೋಗಿಂತ 48 ವರ್ಷ ಮೊದಲು! ಮುಂದಿನ ಪಂದ್ಯಕ್ಕೆ ಬಾಲು ಉಪನಾಯಕ. 1923ರಲ್ಲಿ ವಿಠ್ಠಲ ಕ್ಯಾಪ್ಟನ್ನೇ ಆದ.

ಇಲ್ಲಿಗೆ ನಿಲ್ಲಿಸಿದರೆ ನಾವೆಲ್ಲ ಜೈಕಾರ ಹಾಕಿ ಊಟಕ್ಕೆ ಏಳಬಹುದು. ನಾನು ಮಡಚಿಟ್ಟ ಪದ್ಯ ಇಲ್ಲಿಗೇ ನಿಂತಿದೆ. ಅದನ್ನ ಬರೆಯುವಾಗ ಮುಂದಿನದು ನನಗೆ ಗೊತ್ತಿರಲಿಲ್ಲ.

ಆಟ ಬಿಟ್ಟ ಮೇಲೆ ಬಾಲು ರಾಜಕೀಯಕ್ಕೆ ಬಂದ. 1932ರಲ್ಲಿ ಗಾಂಧಿ ಯೆರವಡಾ ಜೈಲಿನಲ್ಲಿ ಉಪವಾಸ ಕೂತಾಗ, ಪ್ರತ್ಯೇಕ ಚುನಾಯಕ ವರ್ಗ ಬೇಡ ಅಂದವರ ಕಡೆ ನಿಂತ. ಪೂನಾ ಒಪ್ಪಂದಕ್ಕೆ ಅವನ ರುಜುವೂ ಇದೆ. 1937ರ ಚುನಾವಣೆಯಲ್ಲಿ ಬೊಂಬಾಯಿಯಲ್ಲಿ ಕಾಂಗ್ರೆಸ್ಸು ಬಾಬಾಸಾಹೇಬರ ಎದುರಿಗೆ ನಿಲ್ಲಿಸಿದ್ದು ಯಾರನ್ನ? ಇದೇ ಬಾಲುವನ್ನ. ಒಂದು ಕಾಲಕ್ಕೆ ಬಾಬಾಸಾಹೇಬರೇ ಹೆಮ್ಮೆಪಟ್ಟಿದ್ದ ಬಾಲುವನ್ನ. ಬಾಬಾಸಾಹೇಬರಿಗೆ 13,245 ಓಟು, ಬಾಲುವಿಗೆ 11,225.

ಓದಿದ ದಿನ ಪದ್ಯ ಹರಿಯೋಣ ಅನ್ನಿಸ್ತು. ಕುಡಿಕೆಯಲ್ಲಿ ಟೀ ಕುಡಿದವನು ಅವರ ಕಡೆ ಹೇಗೆ ಹೋದ? ಬಾಲು ವರ್ಷಗಟ್ಟಲೆ ಆಡಿದ್ದು ಹಿಂದೂ ಹೆಸರಿನ ತಂಡದಲ್ಲಿ. ಹೊರಗಿದ್ದ ಕುಡಿಕೆ ಇಪ್ಪತ್ತು ವರ್ಷದಲ್ಲಿ ಒಳಗೆ ಬಂದದ್ದನ್ನ, ತಮ್ಮ ಕ್ಯಾಪ್ಟನ್ ಆದದ್ದನ್ನ ಕಂಡಿದ್ದ. ಹೀಗೇ ಒಂದೊಂದೇ ಬಾಗಿಲು ತೆರೀತವೆ ಅಂತ ನಂಬಿರಬೇಕು. ಇದು ನನ್ನ ಊಹೆ. ಆ ನಂಬಿಕೆ ತಪ್ಪು ಅಂತಲೇ ಇವತ್ತಿಗೂ ಅಂತೀನಿ. ಬಾಗಿಲು ತೆರೆದದ್ದು ಅವನ ಬೆರಳಿಗೆ. ಆ ಬೆರಳಿಲ್ಲದ ಲಕ್ಷಾಂತರ ಜನ ಹೊರಗೇ ಇದ್ದರು. ಬಾಬಾಸಾಹೇಬರ ಲೆಕ್ಕದಲ್ಲಿ ಇದ್ದವರು ಆ ಜನ. ಕಾಂಗ್ರೆಸ್ಸಿಗೆ ಬೇಕಾಗಿದ್ದದ್ದೂ ಬಾಲುವಿನ ವಿಚಾರವಲ್ಲ, ಬಾಲುವಿನ ಹೆಸರು.

ಹಂಗಂತ ಬಾಲು ಸುಮ್ಮನಿರಬೇಕಿತ್ತು ಅನ್ನೋಣವಾ? ಅಂದರೆ ಆ ಮೇಷ್ಟ್ರ ಮಾತನ್ನೇ ನಾವೂ ಆಡಿದ ಹಾಗಾಗುತ್ತೆ. ‘ನೀನು ಬೌಲರು, ಬೌಲ್ ಮಾಡು, ಬಾಯಿ ಮುಚ್ಚು.’ ತಮ್ಮಂದಿರ ಹೇಳಿಕೆ ಕೇಳಿದ ಆಯ್ಕೆ ಸಮಿತಿಯವರಿಗೂ ಹಾಗೇ ಅನ್ನಿಸಿರಬೇಕು. ಬಾಬಾಸಾಹೇಬರು ಬಾಲುವಿನ ಬಾಯಿ ಕಟ್ಟಲಿಲ್ಲ. ಓಟಿನಲ್ಲಿ ಎದುರಿಸಿ 2,020 ಓಟಿನಿಂದ ಮುಂದೆ ಬಂದರು.

ಆ ತಮ್ಮ ನಿನ್ನೆ ಇನ್ನೊಂದು ಮಾತನ್ನೂ ಮೆಲ್ಲಗೆ ಹೇಳಿದ: ‘ಅಣ್ಣಾ, ಮೀಟಿಂಗಿನಲ್ಲಿ ನೀವು ಹೇಳೋದ್ರಲ್ಲಿ ಅರ್ಧ ನಾನು ಒಪ್ಪಲ್ಲ.’ ಅಲ್ಲಿ ಬಾಗಿಲ ಹತ್ತಿರ ಕೂತಿದ್ದಾನೆ. ಬಾರಪ್ಪ, ಆ ಅರ್ಧ ಯಾವುದು ಅಂತ ಮುಂದೆ ಬಂದು ಹೇಳು. ನಾನು ಕೂತ್ಕೊಳ್ತೀನಿ.