ಹೊಟ್ಟೆಯ ತೊಂದರೆ: ಆಹಾರ ಬಿಡುವ ಮುನ್ನ ಕಾರಣ ತಿಳಿಯೋಣ

(ಸಂಸ್ಥೆಯ ವಾರ್ಷಿಕ ಸಮಾವೇಶದ ಆರೋಗ್ಯ ಗೋಷ್ಠಿಯಲ್ಲಿ ವೈದ್ಯರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಶಿಕ್ಷಣ ಸಂಸ್ಥೆಯ ವೇದಿಕೆಯಲ್ಲಿ ಹೊಟ್ಟೆಯ ಮಾತೇಕೆ ಎಂದು ಕೆಲವರಿಗೆ ಅನಿಸಿರಬಹುದು. ಪರೀಕ್ಷೆಯ ದಿನ ಬೆಳಗ್ಗೆ ನಾಲ್ಕು ಸಲ ಶೌಚಾಲಯಕ್ಕೆ ಓಡುವ ಹುಡುಗ, ತಿಂದು ಬಸ್ಸು ಹತ್ತಿದರೆ ಹೊಟ್ಟೆ ಉಬ್ಬರಿಸುತ್ತದೆಂದು ಖಾಲಿ ಹೊಟ್ಟೆಯಲ್ಲೇ ಕಾಲೇಜಿಗೆ ಬರುವ ಹುಡುಗಿ, ಎರಡು ವರ್ಷ ಕಬ್ಬಿಣದ ಮಾತ್ರೆ ನುಂಗಿದರೂ ರಕ್ತಹೀನತೆ ಬಿಡದ ಹುಡುಗಿ - ಇವರೆಲ್ಲ ನಮ್ಮ ತರಗತಿಗಳಲ್ಲೇ ಕುಳಿತಿದ್ದಾರೆ. ಅವರ ಅಂಕ ಕಡಿಮೆಯಾದರೆ ಓದುವುದಿಲ್ಲ ಎಂದು ಬೈಯುತ್ತೇವೆ. ಹೊಟ್ಟೆ ಹೇಗಿದೆ ಎಂದು ಕೇಳುವವರು ಕಡಿಮೆ.

ನಮ್ಮ ಜನರಲ್ಲಿ ಹೊಟ್ಟೆಯ ಎಲ್ಲ ಕಾಯಿಲೆಗೂ ಒಂದೇ ಹೆಸರು, "ಗ್ಯಾಸ್". ಎದೆಯುರಿಗೂ ಗ್ಯಾಸ್, ಹುಣ್ಣಿಗೂ ಗ್ಯಾಸ್, ಭೇದಿಗೂ ಗ್ಯಾಸ್, ಮಲಬದ್ಧತೆಗೂ ಗ್ಯಾಸ್. ಪಿತ್ತಕೋಶದ ಕಲ್ಲು, ಕರುಳಿನ ಕ್ಷಯ, ಕೆಲವೊಮ್ಮೆ ಹೃದಯಾಘಾತ ಕೂಡ ಈ ಹೆಸರಿನಡಿ ಅಡಗಿ ಕುಳಿತುಬಿಡುತ್ತವೆ. ಕಾಯಿಲೆಗೆ ಸರಿಯಾದ ಹೆಸರು ಗೊತ್ತಿಲ್ಲದಿದ್ದರೆ ಪಥ್ಯವೂ ತಪ್ಪುತ್ತದೆ. ಮೊದಲು ಹಾಲು ಬಿಡುತ್ತಾರೆ, ಆಮೇಲೆ ಗೋಧಿ, ಆಮೇಲೆ ಮೊಟ್ಟೆ, ಬೇಳೆ, ಬದನೆ. ಕೊನೆಗೆ ಗಂಜಿ ಮತ್ತು ಉಪ್ಪಿನಕಾಯಿ ಮಾತ್ರ ಉಳಿಯುತ್ತದೆ. ಹೊಟ್ಟೆನೋವು ಅಲ್ಲೇ ಇರುತ್ತದೆ, ಮೈ ಮಾತ್ರ ಸೊರಗುತ್ತದೆ. ಆದ್ದರಿಂದ ನಾನಿಂದು ಹೇಳಬೇಕೆಂದಿರುವುದು ಇಷ್ಟೇ: ಯಾವುದನ್ನಾದರೂ ಬಿಡುವ ಮೊದಲು ಕಾರಣ ತಿಳಿದುಕೊಳ್ಳಿ.

ಇದಕ್ಕೆ ಒಂದು ಒಳ್ಳೆಯ ಉದಾಹರಣೆ ಹಾಲೆಂಡಿನದು. ಹೇಗ್ ನಗರದ ಮಕ್ಕಳ ಆಸ್ಪತ್ರೆಯಲ್ಲಿ ವಿಲ್ಲೆಮ್ ಡಿಕ್ಕೆ ಎಂಬ ವೈದ್ಯರಿದ್ದರು. ಸದಾ ಭೇದಿ, ಉಬ್ಬಿದ ಹೊಟ್ಟೆ, ಕಡ್ಡಿಯಂಥ ಕೈಕಾಲು - ಇಂಥ ಮಕ್ಕಳಿಗೆ ಗೋಧಿಯೇ ವೈರಿಯಿರಬಹುದೆಂದು ಅವರಿಗೆ ಮೊದಲೇ ಸಂಶಯವಿತ್ತು. ಎರಡನೇ ಮಹಾಯುದ್ಧದ ಕೊನೆಗೆ, 1944-45ರ ಚಳಿಗಾಲದಲ್ಲಿ ಅಲ್ಲಿ ಭೀಕರ ಕ್ಷಾಮ ಬಂತು. ಬ್ರೆಡ್ ಸಿಗುತ್ತಿರಲಿಲ್ಲ. ಊರೆಲ್ಲ ಹಸಿವಿನಿಂದ ನರಳುತ್ತಿದ್ದರೆ ಈ ಮಕ್ಕಳು ಚೇತರಿಸಿಕೊಂಡರು. ಬ್ರೆಡ್ ಮತ್ತೆ ಬಂದಾಗ ಮತ್ತೆ ಕಾಯಿಲೆ ಬಿದ್ದರು. 1950ರಲ್ಲಿ ಡಿಕ್ಕೆಯವರು ಇದನ್ನು ಪ್ರಬಂಧವಾಗಿ ಮಂಡಿಸಿದರು. ಇದೇ ಸೀಲಿಯಾಕ್ ಕಾಯಿಲೆ. ಗೋಧಿ, ಬಾರ್ಲಿ ಮತ್ತು ರೈ ಎಂಬ ಧಾನ್ಯದಲ್ಲಿರುವ ಗ್ಲುಟೆನ್ ಎಂಬ ಅಂಶ ಒಳಹೋದರೆ, ಇಂಥವರ ದೇಹದ ರಕ್ಷಣಾ ವ್ಯವಸ್ಥೆ ಸಣ್ಣ ಕರುಳಿನ ಒಳಪದರವನ್ನೇ ಹಾಳುಮಾಡುತ್ತದೆ. ಆಗ ಕಬ್ಬಿಣ, ಕ್ಯಾಲ್ಸಿಯಂ ಯಾವುದೂ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಮಾತ್ರೆಗೂ ಬಗ್ಗದ ರಕ್ತಹೀನತೆಗೆ ಇದು ಒಂದು ಕಾರಣ.

ಗೋಧಿ ಹೆಚ್ಚು ತಿನ್ನುವ ಉತ್ತರ ಭಾರತದಲ್ಲಿ ಈ ಕಾಯಿಲೆ ಹೆಚ್ಚು, ನಮ್ಮ ಕಡೆ ಕಡಿಮೆ. ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಇಲ್ಲಿ ಒಂದು ಮಾತು ಬರೆದಿಟ್ಟುಕೊಳ್ಳಿ. ಇದಕ್ಕೆ ರಕ್ತಪರೀಕ್ಷೆ ಇದೆ, ಆದರೆ ಗೋಧಿ ತಿನ್ನುತ್ತಿರುವಾಗಲೇ ಅದನ್ನು ಮಾಡಿಸಬೇಕು. ನಾಲ್ಕಾರು ತಿಂಗಳು ಗೋಧಿ ಬಿಟ್ಟು ಪರೀಕ್ಷೆಗೆ ಬಂದರೆ ಕಾಯಿಲೆ ಇದ್ದರೂ ಕಾಣದೇ ಹೋಗಬಹುದು. ಖಚಿತವಾದರೆ ಜೀವನಪೂರ್ತಿ ಗೋಧಿ ವರ್ಜ್ಯ. ನಮ್ಮವರಿಗೆ ಇದು ಅಷ್ಟು ಕಷ್ಟವಲ್ಲ. ಕರಾವಳಿಯಲ್ಲಿ ಅಕ್ಕಿ ಪತ್ತಿರಿ, ನೀರುದೋಸೆ, ಕುಚ್ಚಲಕ್ಕಿ ಅನ್ನವಿದೆ. ಹುಬ್ಬಳ್ಳಿ, ಬಿಜಾಪುರದ ಕಡೆ ಜೋಳದ ರೊಟ್ಟಿ, ಮೈಸೂರಿನ ಕಡೆ ರಾಗಿಮುದ್ದೆ. ಕಷ್ಟವೆಲ್ಲ ಮರೆಯಲ್ಲಿ ಅಡಗಿರುವ ಗೋಧಿಯದು: ರವೆ, ಶಾವಿಗೆ, ಪರೋಟದ ಮೈದಾ, ಹಲೀಮ್, ಗೋಬಿ ಮಂಚೂರಿಯ ಸೋಯಾ ಸಾಸ್. ಅಂಗಡಿಯ ಇಂಗಿನ ಡಬ್ಬಿಯಲ್ಲೂ ಸಾಮಾನ್ಯವಾಗಿ ಗೋಧಿಹಿಟ್ಟು ಬೆರೆತಿರುತ್ತದೆ, ಹಿಂಬದಿಯ ಸಣ್ಣ ಅಕ್ಷರ ಓದಿ.

ಬಾರ್ಲಿ ಎಂದೊಡನೆ ನಿಮ್ಮಲ್ಲಿ ಕೆಲವರಿಗೆ ತಲ್ಬೀನ ನೆನಪಾಗಿರಬಹುದು. ಬಾರ್ಲಿ ಹಿಟ್ಟಿನ ಆ ಗಂಜಿ ರೋಗಿಗೂ ದುಃಖದಲ್ಲಿರುವವರಿಗೂ ಸಮಾಧಾನ ನೀಡುತ್ತದೆಂದು ಹದೀಸ್‌ನಲ್ಲಿದೆ. ಬಹುತೇಕ ಜನರಿಗೆ ಅದು ನಿಜವಾಗಿಯೂ ಹಿತವಾದ ಆಹಾರ, ಅದರ ನಾರಿನಂಶ ಕರುಳಿಗೆ ಒಳ್ಳೆಯದು. ಆದರೆ ಸೀಲಿಯಾಕ್ ಇರುವವರಿಗೆ ಅದೇ ಗಂಜಿ ಹಾನಿ. ಇದನ್ನು ಹೇಳಿದರೆ ಕೆಲವರಿಗೆ ಮುಜುಗರವಾಗುತ್ತದೆ. ಮುಜುಗರಕ್ಕೆ ಕಾರಣವಿಲ್ಲ. ಚಿಕಿತ್ಸೆ ಪಡೆಯಿರಿ, ಪ್ರತಿಯೊಂದು ರೋಗಕ್ಕೂ ಅಲ್ಲಾಹನು ಔಷಧ ಇಳಿಸಿದ್ದಾನೆ ಎಂದು ಕಲಿಸಿದವರೂ ಪ್ರವಾದಿ(ಸ)ರವರೇ. ಯಾವ ರೋಗಕ್ಕೆ ಯಾವುದು ಎಂದು ಹುಡುಕುವ ಕೆಲಸ ನಮ್ಮದು. ಸಾವಿರ ವರ್ಷಗಳಿಗೂ ಹಿಂದೆ ಅಲ್ ರಾಝಿ ಮಾಡಿದ್ದು ಅದನ್ನೇ. ನೋಡಲು ಒಂದೇ ಥರ ಕಾಣುವ ಸಿಡುಬು ಮತ್ತು ದಡಾರವನ್ನು ಬೇರೆ ಬೇರೆ ಎಂದು ವಿವರಿಸಿ ಅವರು ಗ್ರಂಥ ಬರೆದರು. ಅವರ ಹೆಸರು ಹೇಳಿಕೊಂಡು ಸಂತೆಯಲ್ಲಿ ಸರ್ವರೋಗಕ್ಕೂ ಒಂದೇ ಪುಡಿ ಮಾರುವವರನ್ನು ಕಂಡಾಗ ನನಗೆ ಸಿಟ್ಟು ಬರುತ್ತದೆ. ಹೆಸರು, ವಿಳಾಸ ಇಲ್ಲದ ಇಂಥ ಪುಡಿಗಳಲ್ಲಿ ಸ್ಟಿರಾಯ್ಡ್, ಸೀಸ ಸಿಕ್ಕ ಉದಾಹರಣೆಗಳಿವೆ.

ಜೇನಿನದ್ದೂ ಅಷ್ಟೇ. ಅದರಲ್ಲಿ ಶಮನವಿದೆಯೆಂದು ಕುರ್‌ಆನ್ ಹೇಳುತ್ತದೆ. ಕೆಮ್ಮಿಗೆ ಜೇನು ಒಳ್ಳೆಯದೆಂದು ವೈದ್ಯರೂ ಒಪ್ಪುತ್ತಾರೆ. ಆದರೆ ಅದರಲ್ಲಿ ಫ್ರಕ್ಟೋಸ್ ಎಂಬ ಸಕ್ಕರೆ ಹೆಚ್ಚು, ಸೂಕ್ಷ್ಮ ಕರುಳಿನ ಕೆಲವರಿಗೆ ಅದರಿಂದ ಉಬ್ಬರವಾಗುತ್ತದೆ. ಕರಿಜೀರಿಗೆಯನ್ನು ಅಡಿಗೆಯಲ್ಲಿ ಧಾರಾಳವಾಗಿ ಬಳಸಿ. ಅದರ ಎಣ್ಣೆಯನ್ನು ಔಷಧವಾಗಿ ಕುಡಿಯುವವರು, ಸಕ್ಕರೆ ಕಾಯಿಲೆ, ಬಿ.ಪಿ., ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ, ಡಾಕ್ಟರರಿಗೆ ತಿಳಿಸಿಯೇ ಕುಡಿಯಬೇಕು.

ಇನ್ನು ಹಾಲು. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಒಡೆಯುವ ಶಕ್ತಿ ಮಗುವಿಗೆ ಇರುತ್ತದೆ, ದೊಡ್ಡವರಾದಂತೆ ನಮ್ಮಲ್ಲಿ ಬಹಳ ಮಂದಿಗೆ ಕಡಿಮೆಯಾಗುತ್ತದೆ. ಇದು ರೋಗವಲ್ಲ, ಅಲರ್ಜಿಯೂ ಅಲ್ಲ. ಅಲರ್ಜಿಯಾದರೆ ಒಂದು ಚಮಚ ಹಾಲಿಗೂ ಮೈಯೆಲ್ಲ ದದ್ದು, ಉಸಿರಾಟದ ತೊಂದರೆ ಬರಬಹುದು. ಲ್ಯಾಕ್ಟೋಸ್ ತೊಂದರೆ ಪ್ರಮಾಣದ ಪ್ರಶ್ನೆ. ಒಂದು ಲೋಟ ಹಾಲಿನಲ್ಲಿ ಸುಮಾರು 12 ಗ್ರಾಂ ಲ್ಯಾಕ್ಟೋಸ್ ಇರುತ್ತದೆ. ಊಟದ ಜೊತೆ ಅಷ್ಟನ್ನು ಹೆಚ್ಚಿನವರು ತಡೆದುಕೊಳ್ಳುತ್ತಾರೆ. ಮೊಸರು, ಮಜ್ಜಿಗೆ ಇನ್ನೂ ಸುಲಭ. ಹಾಲು ಒಗ್ಗದವರು ರಾಗಿಯನ್ನೂ, ಮುಳ್ಳು ಸಹಿತ ತಿನ್ನಬಹುದಾದ ಬೂತಾಯಿ ಮೀನನ್ನೂ ಬಿಡಬಾರದು, ಕ್ಯಾಲ್ಸಿಯಂ ಅಲ್ಲಿದೆ.

ಎಲ್ಲ ಪರೀಕ್ಷೆಯೂ ಸರಿಯಿದ್ದು, ಆದರೂ ಹೊಟ್ಟೆ ಸರಿಯಿಲ್ಲದವರ ಸಂಖ್ಯೆಯೇ ದೊಡ್ಡದು. ಇದನ್ನು ಐ.ಬಿ.ಎಸ್. ಎನ್ನುತ್ತಾರೆ. "ನಿನಗೇನೂ ಆಗಿಲ್ಲ, ಎಲ್ಲ ಮನಸ್ಸಿನದು" ಎಂದು ಅವರನ್ನು ಕಳಿಸಿಬಿಡುವುದು ಅನ್ಯಾಯ. ಕರುಳು ಮತ್ತು ಮಿದುಳಿನ ನಡುವಿನ ಸಂಪರ್ಕದಲ್ಲಿ ಏರುಪೇರಾಗಿರುತ್ತದೆ, ನೋವು ನಿಜವಾದದ್ದು. ಪರೀಕ್ಷೆಯ ಭಯ, ನಿದ್ದೆಗೇಡು ಅದನ್ನು ಹೆಚ್ಚಿಸುತ್ತವೆ. 2005ರಲ್ಲಿ ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದ ಪೀಟರ್ ಗಿಬ್ಸನ್ ಮತ್ತು ಸ್ಯೂ ಶೆಫರ್ಡ್, ಕರುಳಿನಲ್ಲಿ ಬೇಗ ಹುದುಗುವ ಕೆಲವು ಸಕ್ಕರೆ ಅಂಶಗಳನ್ನು ಗುರುತಿಸಿ ಅವಕ್ಕೆ ಫಾಡ್‌ಮ್ಯಾಪ್ ಎಂದು ಹೆಸರಿಟ್ಟರು. ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಕಾಳುಗಳು, ಸೇಬು, ಮಾವು ಆ ಪಟ್ಟಿಯಲ್ಲಿವೆ. ಈರುಳ್ಳಿಯಿಲ್ಲದೆ ಬಿರಿಯಾನಿ ಹೇಗೆಂದು ನಗಬೇಡಿ! ಆ ಅಂಶ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಆದ್ದರಿಂದ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಹುರಿದು ಎಸಳು ತೆಗೆದುಬಿಟ್ಟರೆ ಘಮ ಉಳಿಯುತ್ತದೆ, ತೊಂದರೆ ಇರುವುದಿಲ್ಲ. ಈರುಳ್ಳಿ ಗಿಡದ ಹಸಿರು ಎಲೆಯೂ ಆಗುತ್ತದೆ.

ಈ ಪಥ್ಯ ಕಾಯಂ ಅಲ್ಲ. ನಾಲ್ಕರಿಂದ ಆರು ವಾರ ಬಿಡುವುದು, ಆಮೇಲೆ ಒಂದೊಂದನ್ನೇ ಮರಳಿ ತಿಂದು ನೋಡುವುದು, ಒಗ್ಗಿದ್ದನ್ನು ಉಳಿಸಿಕೊಳ್ಳುವುದು. ಆಹಾರ ತಜ್ಞರ ಸಲಹೆಯಿದ್ದರೆ ಉತ್ತಮ. ಅದಕ್ಕೂ ಮೊದಲು ಎರಡು ವಾರ ಒಂದು ನೋಟ್ ಪುಸ್ತಕದಲ್ಲಿ ತಿಂದದ್ದು, ಹೊತ್ತು, ನೋವು, ನಿದ್ದೆ ಬರೆದಿಡಿ. ಎಷ್ಟೋ ಸಲ ಆ ಪುಸ್ತಕವೇ ರೋಗ ಹೇಳಿಬಿಡುತ್ತದೆ. ಇನ್ನೂರು ಆಹಾರಗಳ "ಸೆನ್ಸಿಟಿವಿಟಿ" ತೋರಿಸುತ್ತೇವೆಂದು ದುಬಾರಿ ಐಜಿಜಿ ರಕ್ತಪರೀಕ್ಷೆ ಮಾರುವವರಿದ್ದಾರೆ. ಅಲರ್ಜಿ ತಜ್ಞರ ಸಂಘಗಳು ಅದನ್ನು ಒಪ್ಪುವುದಿಲ್ಲ. ಮಲಬದ್ಧತೆಗೆ ಇಸಬ್‌ಗೋಲ್ ಒಳ್ಳೆಯದು, ಸಾಕಷ್ಟು ನೀರಿನೊಂದಿಗೆ. ಜೀರಿಗೆ ನೀರು, ಶುಂಠಿ ಕಷಾಯ, ಓಮ ಹಿತ ನೀಡುತ್ತವೆ, ಕುಡಿಯಿರಿ. ಹುಣ್ಣನ್ನು ಅವು ವಾಸಿ ಮಾಡುವುದಿಲ್ಲ. ಹೆಚ್ಚಿನ ಹುಣ್ಣುಗಳಿಗೆ ಖಾರವಲ್ಲ, ಒಂದು ಬ್ಯಾಕ್ಟೀರಿಯಾ ಕಾರಣವೆಂದು ತೋರಿಸಿದ ಮಾರ್ಷಲ್ ಮತ್ತು ವಾರೆನ್‌ಗೆ 2005ರಲ್ಲಿ ನೊಬೆಲ್ ಬಂತು. ಅದಕ್ಕೆ ಎರಡು ವಾರದ ಮಾತ್ರೆಗಳಿವೆ. ಇನ್ನೊಂದು ಕಾರಣ, ಕೇಳಿದವರಿಗೆಲ್ಲ ಅಂಗಡಿಯಲ್ಲಿ ಸಿಗುವ ನೋವಿನ ಮಾತ್ರೆ.

ಮಲದಲ್ಲಿ ರಕ್ತ, ಟಾರಿನಂತೆ ಕಪ್ಪು ಮಲ, ಕಾರಣವಿಲ್ಲದೆ ತೂಕ ಇಳಿಯುವುದು, ನುಂಗಲು ಕಷ್ಟ, ಬಿಡದ ಜ್ವರ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, ಐವತ್ತರ ಆಸುಪಾಸಿನಲ್ಲಿ ಹೊಸದಾಗಿ ಶುರುವಾದ ತೊಂದರೆ - ಇವುಗಳಿಗೆ ಕಷಾಯ ಬೇಡ, ಆ ವಾರವೇ ಆಸ್ಪತ್ರೆಗೆ ಹೋಗಿ. ಬೆವರು, ಎಡಗೈ ಅಥವಾ ದವಡೆ ನೋವಿನ ಜೊತೆ ಬಂದ "ಗ್ಯಾಸ್" ಆದರೆ ಆ ಗಳಿಗೆಯೇ.

ರಮಝಾನಿನ ಬಗ್ಗೆ ಎರಡು ಮಾತು. ಹೊಟ್ಟೆಯ ಮೂರನೇ ಒಂದು ಭಾಗ ಊಟಕ್ಕೆ, ಒಂದು ನೀರಿಗೆ, ಒಂದು ಉಸಿರಿಗೆ ಎಂಬ ಪ್ರವಾದಿ ಬೋಧನೆ ನಮಗೆಲ್ಲ ಬಾಯಿಪಾಠ. ಇಫ್ತಾರಿನ ಸಮೋಸದ ತಟ್ಟೆಯ ಮುಂದೆ ಅದು ಮರೆತುಹೋಗುತ್ತದೆ. ಖರ್ಜೂರ, ನೀರು, ನಂತರ ಮಗ್ರಿಬ್ ನಮಾಝ್, ಆಮೇಲೆ ಊಟ ಎಂಬ ಕ್ರಮ ಹೊಟ್ಟೆಗೂ ಒಳ್ಳೆಯದು. ಮಸೀದಿಯಲ್ಲಿ ಕೊಡುವ ಗಂಜಿ ಎಣ್ಣೆತಿಂಡಿಗಿಂತ ಎಷ್ಟೋ ಮೇಲು. ರಕ್ತಸ್ರಾವವಾಗುವ ಹುಣ್ಣು ಇರುವವರು ಹಟ ಹಿಡಿದು ಉಪವಾಸ ಮಾಡಬಾರದು. ರೋಗಿಗೆ ಬೇರೆ ದಿನಗಳಲ್ಲಿ ಪೂರೈಸುವ ರಿಯಾಯಿತಿ ಸೂರಃ ಅಲ್ ಬಕರದಲ್ಲೇ ಇದೆ.

ಕೊನೆಯದಾಗಿ ಆಡಳಿತ ಸಮಿತಿಯವರಿಗೆ ಒಂದು ವಿನಂತಿ. ಶಾಲೆಯ ಶೌಚಾಲಯಕ್ಕೆ ಹೋಗಲಾರದೆ ಬೆಳಗ್ಗಿನಿಂದ ಸಂಜೆಯವರೆಗೆ ನೀರೇ ಕುಡಿಯದ ಹೆಣ್ಣುಮಕ್ಕಳಿದ್ದಾರೆ. ಅವರ ಮಲಬದ್ಧತೆಗೆ, ಮೂತ್ರದ ಸೋಂಕಿಗೆ ನಾನು ಔಷಧ ಬರೆಯಬಲ್ಲೆ. ಚಿಲಕ ಮತ್ತು ನಲ್ಲಿನೀರು ಇರುವ ಶೌಚಾಲಯ ನೀವು ಕಟ್ಟಿಸಬೇಕು. ಹಾಸ್ಟೆಲಿನಲ್ಲಿ ಗೋಧಿ ಒಗ್ಗದ ಒಬ್ಬ ವಿದ್ಯಾರ್ಥಿಯಿದ್ದರೂ ಅವನಿಗೆ ಬೇರೆ ಕಾವಲಿಯಲ್ಲಿ ದೋಸೆ ಹುಯ್ಯಲು ಅಡಿಗೆಯವರಿಗೆ ಹೇಳಿಡಿ, ಚಪಾತಿ ಬೇಯಿಸಿದ ಕಾವಲಿ ಆಗದು.

ಸಮಯ ಮೀರಿದೆ. ಎಲ್ಲರೆದುರು ಕೇಳಲು ಸಂಕೋಚವಿರುವವರು ಚೀಟಿಯಲ್ಲಿ ಬರೆದು ಕೊಡಿ, ಹೆಸರು ಬೇಡ.